ಚಿಂಕಾರ: ಬಯಲುಸೀಮೆಯ ಸಣ್ಣ ಹುಲ್ಲೆ

ಜಿಂಕೆಯೆಂದೊಡನೆ ನಮ್ಮಲ್ಲಿ ಬಹು ಜನರ ಕಣ್ಣಿಗೆ ಕಟ್ಟುವುದು ಮೈಮೇಲೆ ಬಿಳಿಯ ಚುಕ್ಕೆಗಳೂ ತಲೆಯ ಮೇಲೆ ಕವಲೊಡೆದ ಕೊಂಬುಗಳೂ ಉಳ್ಳ, ತೊರೆಯ ದಡದಲ್ಲಿ ಹಸುರು ಹುಲ್ಲನ್ನು ಮೇಯುತ್ತ ನಿಂತಿರುವ ಕಾಡಿನ ಮೃಗವು. ಚಿತ್ರಪಟಗಳಲ್ಲಿಯೂ ಮಕ್ಕಳ ಪುಸ್ತಕಗಳಲ್ಲಿಯೂ ನಾವು ಕಾಣತಕ್ಕದ್ದು ಅದನ್ನೇ. ಆದರೆ ಕಾಡೆಂಬ ಹೆಸರಿಗೆ ತಕ್ಕ ಮರಗಳಿಲ್ಲದ, ತೊರೆಯಿಲ್ಲದ, ಬೇಸಗೆಯಲ್ಲಿ ನೆಲವೇ ಕಾದ ಹೆಂಚಿನಂತಾಗುವ ಬಯಲುಗಳಲ್ಲಿ, ಜಾಲಿ ಬೋರೆಗಳ ಕುರುಚಲಿನ ನಡುವೆ, ಯಾರ ಕಣ್ಣಿಗೂ ಬೀಳದೆ ಬಾಳಿಕೊಂಡು ಬಂದಿರುವ ಇನ್ನೊಂದು ಚಿಕ್ಕ ಮೃಗವುಂಟು. ಅದಕ್ಕೆ ಚಿಂಕಾರವೆಂದು ಹೆಸರು. ರಾಜಸ್ಥಾನದ ಮರುಭೂಮಿಯು ಅದರ ದೊಡ್ಡ ನೆಲೆಯಾದರೂ, ನಮ್ಮ ಬಾಗಲಕೋಟೆ ಮತ್ತು ತುಮಕೂರು ಜಿಲ್ಲೆಗಳ ಒಣ ನೆಲದಲ್ಲಿಯೂ ಅದು ಇಂದಿಗೂ ಇರುವುದೆಂಬ ಸಂಗತಿಯು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಆದ ಕಾರಣ ಈ ಪ್ರಾಣಿಯ ರೂಪ, ನಡೆ, ಆಹಾರ, ಸಂಸಾರ ಇವುಗಳ ವಿಚಾರವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದು.

ಹೆಸರು ಮತ್ತು ಕುಲ

ಮೊದಲು ಕುಲದ ಮಾತು. ಚುಕ್ಕೆಯ ಜಿಂಕೆ, ಕಡವೆ ಮೊದಲಾದವುಗಳ ಕೊಂಬು ಕವಲೊಡೆಯುವುದು. ಗಂಡಿಗೆ ಮಾತ್ರ ಇರುವುದು. ಅದು ಬಿದ್ದುಹೋಗಿ ಮತ್ತೆ ಹೊಸದಾಗಿ ಮೂಡುವುದು. ಚಿಂಕಾರದ ಕೊಂಬು ಹಾಗಲ್ಲ. ಒಳಗೆ ತಲೆಬುರುಡೆಯಿಂದಲೇ ಹೊರಟ ಎಲುಬಿನ ತಿರುಳು, ಅದರ ಮೇಲೆ ನಮ್ಮ ಉಗುರಿನ ಪದಾರ್ಥದಿಂದಲೇ ಆದ ಒರೆ. ಕವಲಿಲ್ಲ, ಒಮ್ಮೆ ಬೆಳೆದದ್ದು ಜೀವವಿರುವ ತನಕ ಬೀಳುವುದೂ ಇಲ್ಲ. ಈ ಲಕ್ಷಣದಿಂದ ನೋಡಿದರೆ ಚಿಂಕಾರವು ಚುಕ್ಕೆಯ ಜಿಂಕೆಗಿಂತ ನಮ್ಮ ಕೊಟ್ಟಿಗೆಯ ಆಕಳಿಗೂ ಹಟ್ಟಿಯ ಮೇಕೆಗೂ ಹತ್ತಿರದ ನಂಟು. ಕೃಷ್ಣಮೃಗವೂ ಇದೇ ಬಳಗದ್ದು. ಇವೆರಡನ್ನೂ ನಮ್ಮ ಹಿರಿಯರು ಹುಲ್ಲೆಯೆಂಬ ಮಾತಿನಿಂದ ಕರೆದು ಬೇರ್ಪಡಿಸಿರುವುದು ಉಚಿತವಾಗಿಯೇ ಇದೆ.

ಹುಲ್ಲೆಗಳಲ್ಲಿ ಗಜೆಲ್ ಎಂಬ ಒಂದು ಪಂಗಡವುಂಟು. ಈ ಹೆಸರು ಅರಬ್ಬಿಯ ‘ಗಜಾಲ್’ ಎಂಬ ಶಬ್ದದಿಂದ ಬಂದದ್ದು. ಆಫ್ರಿಕದಲ್ಲಿಯೂ ಅರಬಸ್ಥಾನದಲ್ಲಿಯೂ ಮಧ್ಯ ಏಷ್ಯದಲ್ಲಿಯೂ ಈ ಪಂಗಡದ ಹಲವು ಜಾತಿಗಳಿವೆ. ಭಾರತದ ಬಯಲುಗಳಲ್ಲಿರುವ ಗಜೆಲ್ ಎಂದರೆ ಚಿಂಕಾರವೇ. ಪಶ್ಚಿಮಕ್ಕೆ ಪಾಕಿಸ್ತಾನ, ಇರಾನ್ ದೇಶಗಳವರೆಗೂ ಇದು ಹಬ್ಬಿದೆ; ಇರಾನಿನಲ್ಲಿ ಇದನ್ನು ಜೆಬೀರ್ ಎನ್ನುವರು. ಶಾಸ್ತ್ರಜ್ಞರು ಇದಕ್ಕೆ ಇಟ್ಟಿರುವ ಹೆಸರು ‘ಗಜೆಲ್ಲಾ ಬೆನ್ನೆಟ್ಟಿ’. 1831ರಲ್ಲಿ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನು ಮುಂಬಯಿ ಸೈನ್ಯದ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸೈಕ್ಸ್. ಅವನು ವರ್ಣಿಸಿದ ಮೃಗವು ಮರುಭೂಮಿಯದಲ್ಲ, ನಮ್ಮ ದಖ್ಖನದ್ದು ಎಂಬುದನ್ನು ಕನ್ನಡಿಗರು ಗಮನಿಸಬೇಕು. ಎಡ್ವರ್ಡ್ ಟರ್ನರ್ ಬೆನ್ನೆಟ್ ಎಂಬ ಪ್ರಾಣಿಶಾಸ್ತ್ರಜ್ಞನ ಗೌರವಾರ್ಥವಾಗಿ ಆ ಹೆಸರು ನಿಂತಿತು.

ಚಿಂಕಾರವೆಂಬುದು ಹಿಂದಿಯ ಮಾತು. ಅಪಾಯವನ್ನು ಕಂಡಾಗ ಈ ಪ್ರಾಣಿಯು ಮೂಗಿನಿಂದ ಸೀನಿದಂತೆ ಸದ್ದು ಮಾಡುವುದುಂಟು; ಹಿಂದಿಯಲ್ಲಿ ಸೀನಿಗೆ ಛೀಂಕ್ ಎನ್ನುವರಾದ್ದರಿಂದ ಹೆಸರು ಅಲ್ಲಿಂದಲೇ ಬಂದಿತೆಂದು ಹಲವರು ಹೇಳುವರು. ಕನ್ನಡದಲ್ಲಿಯೂ ಇದಕ್ಕೆ ಹೆಸರಿಲ್ಲದೆ ಇರಲಿಲ್ಲ. 1867ರಲ್ಲಿ ಪ್ರಕಟವಾದ ಭಾರತದ ಸಸ್ತನಿಗಳ ಗ್ರಂಥದಲ್ಲಿ ಜೆರ್ಡನ್ ಎಂಬವನು ‘ತಿಸ್ಕ’, ‘ಬುದರಿ’, ‘ಮುದರಿ’ ಎಂಬ ಕನ್ನಡ ಹೆಸರುಗಳನ್ನೂ, ಮೈಸೂರು ಸೀಮೆಯ ‘ಸಣ್ಕ ಹುಲ್ಲೆ’ ಎಂಬ ಹೆಸರನ್ನೂ ಬರೆದಿಟ್ಟಿದ್ದಾನೆ. ಒಂದು ಪ್ರಾಣಿಗೆ ನಾಡಿನಲ್ಲಿ ಇಷ್ಟು ಹೆಸರುಗಳಿದ್ದುವೆಂದ ಮೇಲೆ ಅದು ಹಿಂದೆ ಜನರಿಗೆ ಚೆನ್ನಾಗಿ ಪರಿಚಿತವಾಗಿತ್ತೆಂದೇ ಎಣಿಸಬೇಕು. ಹೆಸರುಗಳು ಮರೆತುಹೋಗುವುದು ಪ್ರಾಣಿಯು ಕಣ್ಮರೆಯಾಗುವುದಕ್ಕೆ ಮುನ್ಸೂಚನೆಯೆಂದು ಭಾವಿಸಿದರೆ ತಪ್ಪಾಗದು.

ರೂಪಲಕ್ಷಣ

ಚಿಂಕಾರವು ಊರ ಮೇಕೆಗಿಂತ ದೊಡ್ಡದಲ್ಲ. ಭುಜದ ಬಳಿ ಎತ್ತರವು ಸುಮಾರು 65 ಸೆಂಟಿಮೀಟರು. ತೂಕವು ಸುಮಾರು 23 ಕಿಲೋಗ್ರಾಂ. ಹಿಂದಿನ ಮುಂಬಯಿ, ಮದರಾಸು ಪ್ರಾಂತಗಳ ಬೇಟೆಗಾರರು ಇದನ್ನು ‘ಮೇಕೆ ಹುಲ್ಲೆ’ ಎಂದು ಕರೆಯುತ್ತಿದ್ದುದು ಈ ಕಾರಣದಿಂದಲೇ ಇರಬೇಕು. ಆದರೆ ಮೇಕೆಯ ಮೈಕಟ್ಟಿಗೂ ಇದರ ಮೈಕಟ್ಟಿಗೂ ಹೋಲಿಕೆಯಿಲ್ಲ. ಇದರ ಕಾಲುಗಳು ಕಡ್ಡಿಯಂತೆ ತೆಳುವಾಗಿ ನೀಳವಾಗಿರುವುವು, ಕತ್ತು ನೀಳ, ಹೊಟ್ಟೆಯು ಅಡಕವಾದುದು. ಬೆನ್ನು ಪಕ್ಕೆಗಳು ಕೆಂಪುಗಂದು ಬಣ್ಣ, ಹೊಟ್ಟೆಯು ಅಚ್ಚ ಬಿಳುಪು. ಮೊಣಕಾಲಿನ ಮೇಲೆ ಕೂದಲ ಕುಚ್ಚು. ಬಾಲವು ಗಿಡ್ಡವಾಗಿ ಕಪ್ಪಾಗಿದ್ದು, ನಿಂತಲ್ಲಿಯೂ ನಡೆವಲ್ಲಿಯೂ ಸುಮ್ಮನಿರದೆ ಆಡುತ್ತಲೇ ಇರುವುದು. ದೂರದಿಂದ ನೋಡುವವರು ಇದನ್ನು ಗುರುತಿಸುವುದು ಎಷ್ಟೋ ವೇಳೆ ಆ ಬಾಲದಿಂದಲೇ. ಉತ್ತರದಲ್ಲಿ ಇದಕ್ಕೆ ‘ಕರಿಬಾಲದ್ದು’ ಎಂಬ ಅರ್ಥದ ಹೆಸರೂ ಇತ್ತು.

ಮುಖದಲ್ಲಿ, ಎರಡು ಕಣ್ಣುಗಳ ಒಳಮೂಲೆಯಿಂದ ಮೂತಿಯ ಕಡೆಗೆ ಒಂದೊಂದು ಕಂದು ಪಟ್ಟೆಯು ಇಳಿದಿರುವುದು. ಅದರ ಅಂಚಿನಲ್ಲಿ ಬಿಳಿಯ ಗೆರೆ. ಕಾಡಿಗೆಯು ಕಣ್ಣೀರಿನಲ್ಲಿ ಕರಗಿ ಕೆನ್ನೆಯ ಮೇಲೆ ಹರಿದಂತೆ ಅದು ತೋರುವುದು. ಗಂಡಿನ ಕೊಂಬುಗಳು ಮೊದಲು ಹಿಂದಕ್ಕೆ ಬಾಗಿ ತುದಿಯಲ್ಲಿ ತುಸು ಮುಂದಕ್ಕೆ ತಿರುಗಿರುವುವು. ಅವುಗಳ ಮೇಲೆ ಬಳೆಗಳನ್ನು ತೊಡಿಸಿದಂತೆ ಸುತ್ತುಗಳಿರುತ್ತವೆ. ಉದ್ದವು ಸಾಧಾರಣವಾಗಿ 25ರಿಂದ 30 ಸೆಂಟಿಮೀಟರು. ಹೆಣ್ಣಿಗೂ ಕೊಂಬುಂಟು, ಆದರೆ ಅದು ಗಿಡ್ಡ, ತೆಳು, ನೇರ, ಕೊಂಬೇ ಇಲ್ಲದ ಹೆಣ್ಣುಗಳೂ ಇರುವುವು. ಕೃಷ್ಣಮೃಗದಲ್ಲಿ ಹೆಣ್ಣು ಸಾಮಾನ್ಯವಾಗಿ ಬೋಳುತಲೆಯದು, ಗಂಡಿನ ಕೊಂಬು ತಿರುಪಿನಂತೆ ಸುರುಳಿಯಾದುದು. ಆದ್ದರಿಂದ ಇವೆರಡನ್ನೂ ಒಂದೆಂದು ಎಣಿಸಬೇಕಾದ ಕಾರಣವಿಲ್ಲ.

ಓಟದ ರಹಸ್ಯ

ಈ ಪ್ರಾಣಿಗೆ ಹೋರಾಡುವ ಶಕ್ತಿಯಿಲ್ಲ. ಕೊಂಬುಗಳು ತನ್ನ ಜಾತಿಯ ಗಂಡುಗಳೊಡನೆ ಗುದ್ದಾಡುವುದಕ್ಕೆ ಸಾಕೇ ಹೊರತು ತೋಳವನ್ನು ತಡೆಯಲಾರವು. ಸೃಷ್ಟಿಯು ಇದಕ್ಕೆ ಕೊಟ್ಟಿರುವ ಆಯುಧವು ಓಟವೊಂದೇ. ಆ ಓಟಕ್ಕೆ ಬೇಕಾದ ಸಲಕರಣೆಗಳನ್ನು ಎಷ್ಟು ಜಾಣತನದಿಂದ ಅಳವಡಿಸಿದೆಯೆಂಬುದನ್ನು ಸ್ವಲ್ಪ ವಿಚಾರಿಸೋಣ.

ಮನುಷ್ಯನು ಅಂಗಾಲನ್ನೆಲ್ಲ ನೆಲಕ್ಕೆ ಊರಿ ನಡೆಯುವನು. ಚಿಂಕಾರವು ನಿಲ್ಲುವುದು ಎರಡು ಬೆರಳುಗಳ ತುದಿಯ ಮೇಲೆ. ಆ ತುದಿಗಳೇ ಗೊರಸುಗಳು. ನಮ್ಮ ಅಂಗಾಲಿನಲ್ಲಿ ಬಿಡಿಬಿಡಿಯಾಗಿರುವ ಎಲುಬುಗಳು ಅದರಲ್ಲಿ ಒಂದಾಗಿ ಬೆಸೆದು ನೀಳವಾದ ಒಂದೇ ಎಲುಬಾಗಿವೆ. ನಾವು ಹಿಂಗಾಲಿನ ಮೊಣಕಾಲೆಂದು ತಿಳಿಯುವ, ಹಿಂದಕ್ಕೆ ಮಡಿಚುವ ಆ ಕೀಲು ನಿಜವಾಗಿ ಅದರ ಹಿಮ್ಮಡಿಯೇ. ಭಾರವಾದ ಮಾಂಸಖಂಡಗಳೆಲ್ಲ ತೊಡೆಯಲ್ಲಿಯೂ ಭುಜದಲ್ಲಿಯೂ ಸೇರಿಕೊಂಡು, ಕೆಳಗಿನ ಕಾಲಿನಲ್ಲಿ ಎಲುಬು ಮತ್ತು ನರದ ಹುರಿಗಳು ಮಾತ್ರ ಉಳಿದಿರುವುವು. ಹೀಗೆ ತುದಿ ಹಗುರವಾದ ಕಾಲನ್ನು ಬೀಸುವುದು ಸುಲಭ. ಆ ಹುರಿಗಳಾದರೋ ಗಾಡಿಯ ಸ್ಪ್ರಿಂಗಿನಂತೆ ಕೆಲಸ ಮಾಡುವುವು: ಕಾಲು ನೆಲಕ್ಕೆ ತಗುಲಿದಾಗ ಹಿಗ್ಗಿ, ಎತ್ತುವಾಗ ಕುಗ್ಗಿ, ಪ್ರತಿ ಹೆಜ್ಜೆಯಲ್ಲಿಯೂ ಶಕ್ತಿಯ ಒಂದು ಪಾಲನ್ನು ಹಿಂದಕ್ಕೆ ಕೊಡುವುವು.

ಕೃಷ್ಣಮೃಗದ ಹಿಂಡು ಬೆದರಿದರೆ ಆಕಾಶಕ್ಕೆ ನೆಗೆನೆಗೆದು ಓಡುವುದು ಪ್ರಸಿದ್ಧವಷ್ಟೆ. ಚಿಂಕಾರದ ರೀತಿ ಬೇರೆ. ಅದು ಮೊದಲು ಮುಂಗಾಲನ್ನು ನೆಲಕ್ಕೆ ಬಡಿದು, ಸೀನಿದಂತೆ ಸದ್ದುಮಾಡಿ, ಸಂಗಡಿಗರಿಗೆ ಸೂಚನೆ ಕೊಟ್ಟು, ಬಳಿಕ ನೆಲವನ್ನೇ ಅಪ್ಪಿದಂತೆ ತಗ್ಗಾಗಿ ಓಡುವುದು. ಒಂದಷ್ಟು ದೂರ ಓಡಿ ನಿಂತು ಹಿಂತಿರುಗಿ ನೋಡುವುದೂ ಅದರ ಸ್ವಭಾವ. ಶತ್ರುವು ಬೆನ್ನಟ್ಟುತ್ತಿರುವನೇ ಇಲ್ಲವೇ ಎಂದು ತಿಳಿದು, ವ್ಯರ್ಥವಾಗಿ ಶಕ್ತಿಯನ್ನು ಕಳೆಯದಿರುವ ಮಿತವ್ಯಯವು ಇದರಲ್ಲಿ ಅಡಗಿದೆ. ಆದರೆ ತೋಳದ ಕಾಲಕ್ಕೆ ಹಿತವಾಗಿದ್ದ ಈ ಅಭ್ಯಾಸವೇ ಬಂದೂಕಿನ ಕಾಲಕ್ಕೆ ಮೃತ್ಯುವಾಯಿತು. ನಿಂತು ತಿರುಗಿದ ಮೃಗಕ್ಕೆ ಗುರಿಯಿಡುವುದು ಸುಲಭವಷ್ಟೆ.

ವೇಗದ ಓಟದಿಂದ ಇನ್ನೊಂದು ತೊಂದರೆಯುಂಟು. ಓಡುವ ಮೈಯಲ್ಲಿ ಶಾಖವು ಬೇಗ ಏರುವುದು. ಮೈಯ ಇತರ ಭಾಗಗಳು ಸ್ವಲ್ಪ ಹೊತ್ತು ಅದನ್ನು ಸಹಿಸಿಕೊಂಡಾವು, ಮೆದುಳು ಸಹಿಸಲಾರದು. ಗಜೆಲ್ ಕುಲದಲ್ಲಿ ಇದಕ್ಕೊಂದು ಸೊಗಸಾದ ಏರ್ಪಾಡಿದೆ. ಮೆದುಳಿಗೆ ಹೋಗುವ ಬಿಸಿ ರಕ್ತದ ನಾಳವು ತಲೆಯ ಬುಡದಲ್ಲಿ ನೂರಾರು ಸಣ್ಣ ಎಳೆಗಳಾಗಿ ಒಡೆದು ಬಲೆಯಂತಾಗುವುದು. ಆ ಬಲೆಯ ಸುತ್ತ, ಮೂಗಿನ ಒದ್ದೆಯಾದ ಒಳಪೊರೆಯಲ್ಲಿ ಉಸಿರಿನ ಗಾಳಿಗೆ ತಣಿದ ರಕ್ತವು ಹರಿದು ಬರುವುದು. ಬಿಸಿ ರಕ್ತವು ತಣ್ಣನೆಯದಕ್ಕೆ ತನ್ನ ಶಾಖವನ್ನು ಒಪ್ಪಿಸಿ ತಾನು ತಣಿದು ಮೆದುಳನ್ನು ಸೇರುವುದು. ಆಫ್ರಿಕದ ಥಾಮ್ಸನ್ ಗಜೆಲ್ಲನ್ನು ಓಡಿಸಿ ಪರೀಕ್ಷಿಸಿದ ಶಾಸ್ತ್ರಜ್ಞರು, ಅದರ ಮೈಯ ಶಾಖವು ಬಹಳ ಏರಿದಾಗಲೂ ಮೆದುಳು ಅದಕ್ಕಿಂತ ತಂಪಾಗಿಯೇ ಇದ್ದುದನ್ನು 1972ರಲ್ಲಿ ತೋರಿಸಿಕೊಟ್ಟರು. ನಮ್ಮ ಮನೆಗಳಲ್ಲಿ ಬಿಸಿ ಹಾಲಿನ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸುವ ಉಪಾಯಕ್ಕೂ ಇದಕ್ಕೂ ತತ್ತ್ವವು ಒಂದೇ.

ನೀರಿಲ್ಲದ ಬಾಳು

ಚಿಂಕಾರದ ಎರಡನೆಯ ವಿಶೇಷವು ಅದರ ಬಾಯಾರಿಕೆಯ ಸಂಯಮ. ಥಾರ್ ಮರುಭೂಮಿಯಲ್ಲಿ ಬೇಸಗೆಯ ತಾಪವು 45 ಡಿಗ್ರಿಗೂ ಮೀರುವುದು. ಕೆರೆಕುಂಟೆಗಳು ತಿಂಗಳುಗಟ್ಟಲೆ ಒಣಗಿರುವುವು. ಅಂತಹ ನೆಲದಲ್ಲಿ ಈ ಮೃಗವು ನೀರಿನ ತಾಣಕ್ಕೆ ಹೋಗದೆಯೇ ದೀರ್ಘಕಾಲ ಬದುಕಬಲ್ಲುದು. ನೀರು ಸಿಕ್ಕಿದರೆ ಕುಡಿಯುವುದಿಲ್ಲವೆಂದಲ್ಲ. ಸಿಕ್ಕದಿದ್ದರೆ ಎಲೆಗಳಲ್ಲಿರುವ ರಸವೂ ಅವುಗಳ ಮೇಲೆ ಬಿದ್ದ ಇಬ್ಬನಿಯೂ ಅದಕ್ಕೆ ಸಾಕಾಗುವುವು.

ಆದಾಯವು ಕಡಮೆಯಾದ ಮನೆಯಲ್ಲಿ ಗೃಹಿಣಿಯು ಖರ್ಚನ್ನು ಬಿಗಿಹಿಡಿದು ಸಂಸಾರವನ್ನು ತೂಗಿಸುವಂತೆ, ಒಣನಾಡಿನ ಹುಲ್ಲೆಗಳು ನೀರಿನ ಖರ್ಚನ್ನು ಬಿಗಿಹಿಡಿಯುತ್ತವೆ. ಮೂತ್ರವು ಸ್ವಲ್ಪವಾಗಿಯೂ ಗಟ್ಟಿಯಾಗಿಯೂ ಇರುವುದು; ಹಿಕ್ಕೆಯು ಒಣಗಿದ ಕಾಳಿನಂತಿರುವುದು. ನಡುಹಗಲಿನಲ್ಲಿ ಪೊದೆಯ ನೆರಳನ್ನು ಸೇರಿ, ಬೆಳಗ್ಗೆ ಅವಸರದಿಂದ ನುಂಗಿದ ಮೇವನ್ನು ಮೆಲುಕು ಹಾಕುತ್ತ ಮಲಗುವುದು. ಮುಂಜಾನೆ ಸಂಜೆಗಳಲ್ಲಿ, ಜನರ ಕಾಟವಿರುವಲ್ಲಿ ರಾತ್ರಿಯಲ್ಲಿ, ಎದ್ದು ಮೇಯುವುದು. ಅರಬಸ್ಥಾನದ ಮರಳುಗಾಡಿನಲ್ಲಿರುವ ಇದರ ದಾಯಾದಿಯೊಂದರ ವಿಷಯದಲ್ಲಿ 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇನ್ನೂ ಆಶ್ಚರ್ಯಕರವಾದುದು: ಮೇವು ನೀರುಗಳು ಕಡಮೆಯಾದಾಗ ಆ ಪ್ರಾಣಿಯ ಯಕೃತ್ತೂ ಹೃದಯವೂ ಗಾತ್ರದಲ್ಲಿ ಕುಗ್ಗುವುದಂತೆ. ಈ ಅವಯವಗಳು ಕುಗ್ಗಿದರೆ ಉಸಿರಿನ ಅಗತ್ಯವು ಕಡಮೆ. ಉಸಿರು ಕಡಮೆಯಾದರೆ ಉಸಿರಿನೊಡನೆ ಹೊರಗೆ ಹೋಗುವ ತೇವವೂ ಕಡಮೆ.

ಇದರ ಮೇವು ಹುಲ್ಲಿಗಿಂತ ಹೆಚ್ಚಾಗಿ ಎಲೆ, ಚಿಗುರು, ಕಾಯಿ, ಹಣ್ಣು. ಬೋರೆಯ ಹಣ್ಣೂ ಎಲೆಯೂ ಅದಕ್ಕೆ ಪ್ರಿಯ. ರಾಜಸ್ಥಾನದಲ್ಲಿ ಖೇಜ್ರಿ ಎನ್ನುವ ಮರದ ಎಲೆ ಕಾಯಿಗಳು ಅದರ ಮುಖ್ಯವಾದ ಆಹಾರಗಳಲ್ಲೊಂದು. ಈ ಖೇಜ್ರಿಯು ಬೇರೆ ಯಾವುದೂ ಅಲ್ಲ. ವಿಜಯದಶಮಿಯ ದಿನ ನಾವು ಪೂಜಿಸಿ, ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿತ್ತು ನಮಸ್ಕರಿಸುವ ಬನ್ನಿಯ ಮರವೇ. ವರ್ಷಕ್ಕೊಮ್ಮೆ ನಮಗೆ ಬಂಗಾರವಾಗುವ ಎಲೆಯು ಈ ಮೃಗಕ್ಕೆ ಎಂದೆಂದಿಗೂ ಅನ್ನವಾಗಿದೆ. ತಿಂದ ಹಣ್ಣುಕಾಯಿಗಳಲ್ಲಿ ಜೀರ್ಣವಾಗದೆ ಉಳಿದ ಬೀಜಗಳು ಹಿಕ್ಕೆಯೊಡನೆ ಬೇರೆ ಬೇರೆ ಕಡೆ ಬಿದ್ದು ಮೊಳೆಯುವುದರಿಂದ, ಪ್ರಾಣಿಯೂ ಮರಕ್ಕೆ ತನ್ನ ಋಣವನ್ನು ತೀರಿಸಿದಂತಾಗುವುದು.

ಸಂಸಾರ

ಕೃಷ್ಣಮೃಗದಂತೆ ದೊಡ್ಡ ಹಿಂಡು ಕಟ್ಟುವುದು ಚಿಂಕಾರದ ಪದ್ಧತಿಯಲ್ಲ. ಒಂಟಿಯಾಗಿಯೋ ಎರಡು ಮೂರು ನಾಲ್ಕರ ಸಣ್ಣ ಗುಂಪಾಗಿಯೋ ಇರುವುದೇ ಹೆಚ್ಚು. ಮೇವು ವಿರಳವಾಗಿರುವ ನಾಡಿನಲ್ಲಿ ದೊಡ್ಡ ಕುಟುಂಬವು ಒಂದೆಡೆ ಬಾಳಲಾರದಷ್ಟೆ. ಗಂಡು ತನ್ನದೆಂದು ಒಂದು ಸೀಮೆಯನ್ನು ಗೊತ್ತುಮಾಡಿಕೊಂಡು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುಡ್ಡೆಮಾಡುವುದು. ನಮ್ಮ ಹೊಲಗಳ ಮೇರೆಗೆ ನೆಟ್ಟ ಕಲ್ಲಿನ ಕೆಲಸವನ್ನು ಈ ಗುಡ್ಡೆಗಳು ಮಾಡುವುವು. ದಾರಿಯಲ್ಲಿ ಹೋಗುವ ಇತರ ಚಿಂಕಾರಗಳು ಅವನ್ನು ಮೂಸಿ, ಇಲ್ಲಿ ಯಾರಿರುವರು, ಯಾವಾಗ ಬಂದಿದ್ದರು ಎಂಬ ಸಮಾಚಾರವನ್ನು ತಿಳಿದುಕೊಳ್ಳುವುವು.

ಗರ್ಭಧಾರಣೆಯ ಅವಧಿ ಸುಮಾರು ಐದೂವರೆ ತಿಂಗಳು. ಸಾಮಾನ್ಯವಾಗಿ ಒಂದು ಮರಿ, ಕೆಲವೊಮ್ಮೆ ಅವಳಿ. ಮರಿಯು ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯು ಅದನ್ನು ಬೆನ್ನಿಗೆ ಹಚ್ಚಿಕೊಂಡು ತಿರುಗುವುದಿಲ್ಲ. ಹುಲ್ಲಿನ ಮರೆಯಲ್ಲಿಯೋ ಪೊದೆಯ ಬುಡದಲ್ಲಿಯೋ ಅದನ್ನು ಮಲಗಿಸಿ, ತಾನು ದೂರಹೋಗಿ ಮೇಯುವುದು. ಹಾಲೂಡಿಸುವುದಕ್ಕೆ ಮಾತ್ರ ಹಿಂತಿರುಗಿ ಬರುವುದು. ಮರಿಯು ಕತ್ತನ್ನು ನೆಲಕ್ಕೆ ಚಾಚಿ, ಕಿವಿಗಳನ್ನು ಮಡಿಚಿ, ಅಲುಗಾಡದೆ ಬಿದ್ದಿರುವುದು. ಅದರ ಬಣ್ಣವು ಮಣ್ಣಿನ ಬಣ್ಣದೊಡನೆ ಬೆರೆತುಹೋಗುವುದು. ತಾಯಿಯು ಬಳಿಯಲ್ಲಿಯೇ ನಿಂತರೆ ನರಿ ತೋಳಗಳಿಗೆ ಗುರುತು ಹತ್ತುವುದು. ಆದ್ದರಿಂದ ದೂರವಿರುವುದೇ ಇಲ್ಲಿ ವಾತ್ಸಲ್ಯದ ರೀತಿ.

ಇದನ್ನರಿಯದ ಸದಾಶಯರಿಂದಲೇ ಒಮ್ಮೊಮ್ಮೆ ಮರಿಗೆ ಕೇಡು ಒದಗುವುದು. ಹೊಲಕ್ಕೆ ಹೋದವರು ಒಂಟಿಯಾಗಿ ಮಲಗಿದ ಮರಿಯನ್ನು ಕಂಡು, ಅಯ್ಯೋ ತಬ್ಬಲಿಯಾಯಿತೆಂದು ಮರುಗಿ, ಎತ್ತಿಕೊಂಡು ಮನೆಗೆ ತರುವರು; ಆಕಳ ಹಾಲನ್ನು ಕುಡಿಸುವರು; ಮಕ್ಕಳು ಅದರೊಡನೆ ಆಡುವರು. ಸಂಜೆ ತಾಯಿಯು ಬಂದು ಬರಿದಾದ ಪೊದೆಯನ್ನು ಮೂಸಿ ಅಲೆದಾಡುವುದು. ಇತ್ತ ಒಗ್ಗದ ಹಾಲಿನಿಂದಲೂ ಬೆದರಿಕೆಯಿಂದಲೂ ಮರಿಯು ಉಳಿಯುವುದೇ ದುರ್ಲಭ. ಉಳಿದರೂ ಬಯಲಿನ ಬಾಳನ್ನು ಅದು ಕಲಿತಿರುವುದಿಲ್ಲ. ಕಾಯಿದೆಯಂತೆಯೂ ಇದು ಅಪರಾಧವೇ. ಆದಕಾರಣ ಗಾಯವಿಲ್ಲದೆ ಸುಮ್ಮನೆ ಮಲಗಿರುವ ಮರಿಯನ್ನು ಕಂಡವರು ಅದನ್ನು ಮುಟ್ಟದೆ ಅಲ್ಲಿಂದ ದೂರ ಸರಿಯಬೇಕು, ಜತೆಯಲ್ಲಿ ನಾಯಿಯಿದ್ದರೆ ಕರೆದುಕೊಂಡು ಹೋಗಬೇಕು. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಹಳ್ಳಿಯ ಮನೆಗಳಲ್ಲಿ ಈ ಒಂದು ಮಾತನ್ನು ಮಕ್ಕಳಿಗೆ ಹೇಳಿಕೊಟ್ಟರೂ ಎಷ್ಟೋ ಜೀವಗಳು ಉಳಿದಾವು.

ಹಳೆಯ ಶತ್ರು, ಹೊಸ ಶತ್ರು

ಚಿಂಕಾರದ ಓಟವನ್ನು ತಿದ್ದಿದ ಗುರುವು ಶತ್ರುವೇ ಎಂದು ಹೇಳಬಹುದು. ಹಿಂದೆ ಈ ದೇಶದ ಬಯಲುಗಳಲ್ಲಿ ಚೀತಾ ಎಂಬ ಬೇಟೆಯ ಚಿರತೆಯಿತ್ತು. ನೆಲದ ಪ್ರಾಣಿಗಳಲ್ಲೆಲ್ಲ ಅತಿ ವೇಗದ ಆ ಮೃಗಕ್ಕೆ ಕೃಷ್ಣಮೃಗವೂ ಚಿಂಕಾರವೂ ಆಹಾರ. ಚೀತಾದ ವೇಗವು ಹೆಚ್ಚಾದರೂ ಅದು ಕೆಲವು ನೂರು ಮೀಟರುಗಳ ಮಾತು. ಅಷ್ಟರಲ್ಲಿ ಹಿಡಿಯದಿದ್ದರೆ ಅದು ದಣಿದು ನಿಲ್ಲುವುದು. ಓಡುತ್ತಿರುವಾಗಲೇ ಥಟ್ಟನೆ ಪಕ್ಕಕ್ಕೆ ತಿರುಗಿ ಆ ಕೆಲವು ಕ್ಷಣಗಳನ್ನು ಕಳೆಯುವುದೇ ಹುಲ್ಲೆಯ ಉಪಾಯ. ಹೀಗೆ ಬೆನ್ನಟ್ಟುವವನೂ ಓಡುವವನೂ ಯುಗಯುಗಗಳಿಂದ ಒಬ್ಬರನ್ನೊಬ್ಬರು ತಿದ್ದಿಕೊಂಡು ಬಂದರು. 1947ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳು ಗುಂಡಿಗೆ ಬಲಿಯಾದುವು. 1952ರಲ್ಲಿ ಆ ಮೃಗವು ಭಾರತದಲ್ಲಿ ನಿರ್ನಾಮವಾಯಿತೆಂದು ಸಾರಲಾಯಿತು. 2022ರ ಸೆಪ್ಟೆಂಬರಿನಲ್ಲಿ ಆಫ್ರಿಕದ ನಮೀಬಿಯದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋ ವನದಲ್ಲಿ ಇಟ್ಟದ್ದನ್ನು ವಾಚಕರು ಬಲ್ಲರು.

ಚೀತಾ ಹೋದರೂ ಚಿಂಕಾರಕ್ಕೆ ನೆಮ್ಮದಿಯಾಗಲಿಲ್ಲ. ಮೋಟಾರು ಗಾಡಿಯೂ ಕಣ್ಣು ಕೋರೈಸುವ ದೀಪವೂ ಬಂದ ಮೇಲೆ ರಾತ್ರಿಯ ಬೇಟೆಯು ಸುಲಭವಾಯಿತು. ದಣಿಯದ ಯಂತ್ರದ ಮುಂದೆ ಓಟವು ಯಾವ ರಕ್ಷಣೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಚಿಂಕಾರವನ್ನು ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಹುಲಿ ಆನೆಗಳ ಸಾಲಿನಲ್ಲಿ, ಸೇರಿಸಿತು. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸವು ವಿಧಿತವಾಗಿದೆ. ಇದರಿಂದ ಬಂದೂಕಿನ ಭಯವು ಬಹುಮಟ್ಟಿಗೆ ತಗ್ಗಿತಾದರೂ, ಕಾಯಿದೆಗೆ ಸಿಕ್ಕದ ಬೇರೆ ಶತ್ರುಗಳು ಹುಟ್ಟಿಕೊಂಡಿವೆ. ಊರಿನ ಎಂಜಲನ್ನು ತಿಂದು ಕೊಬ್ಬಿದ ಬೀದಿನಾಯಿಗಳು ಗುಂಪುಕಟ್ಟಿ ಹೊಲಗಳಲ್ಲಿ ಬೇಟೆಯಾಡುತ್ತವೆ. ಹೊಲಗಳ ಸುತ್ತ ಹಾಕಿದ ಮುಳ್ಳುತಂತಿಯ ಬೇಲಿಗಳು ಓಡುವ ಮೃಗದ ದಾರಿಯನ್ನು ಕಟ್ಟಿ, ಅದರ ಮೈಯನ್ನು ಸೀಳುತ್ತವೆ. ಎತ್ತರಕ್ಕೆ ನೆಗೆಯುವುದಕ್ಕಿಂತ ತಗ್ಗಾಗಿ ಓಡುವುದೇ ಇದರ ರೂಢಿಯಾದ್ದರಿಂದ ಬೇಲಿಯು ಇದಕ್ಕೆ ಬಲೆಯಂತಾಗುವುದು.

ಬಿಶ್ನೋಯಿಗಳ ವ್ರತ

ಮನುಷ್ಯನು ಶತ್ರುವೇ ಆಗಬೇಕೆಂಬ ನಿಯಮವಿಲ್ಲವೆಂಬುದಕ್ಕೆ ರಾಜಸ್ಥಾನದ ಬಿಶ್ನೋಯಿ ಜನರು ಸಾಕ್ಷಿ. 1485ರಲ್ಲಿ ಗುರು ಜಾಂಭೇಶ್ವರರು ಈ ಪಂಥವನ್ನು ಸ್ಥಾಪಿಸಿ 29 ನಿಯಮಗಳನ್ನು ವಿಧಿಸಿದರು. ಇಪ್ಪತ್ತು ಮತ್ತು ಒಂಬತ್ತು ಎಂಬ ಎಣಿಕೆಯಿಂದಲೇ ಬಿಶ್ನೋಯಿಯೆಂಬ ಹೆಸರು. ಪ್ರಾಣಿಗಳಲ್ಲಿ ದಯೆ, ಹಸಿಯ ಮರವನ್ನು ಕಡಿಯದಿರುವುದು ಆ ನಿಯಮಗಳಲ್ಲಿ ಸೇರಿವೆ. 1730ರಲ್ಲಿ ಜೋಧಪುರದ ಮಹಾರಾಜ ಅಭಯಸಿಂಹನ ಆಳುಗಳು ಸುಣ್ಣದ ಗೂಡಿಗೆ ಸೌದೆಗಾಗಿ ಖೇಜಡ್ಲಿ ಎಂಬ ಹಳ್ಳಿಯ ಬನ್ನಿಯ ಮರಗಳನ್ನು ಕಡಿಯಲು ಬಂದರು. ಅಮೃತಾದೇವಿಯೆಂಬ ಗೃಹಿಣಿಯು ಮರವನ್ನು ತಬ್ಬಿ ನಿಂತು ಪ್ರಾಣವನ್ನು ಕೊಟ್ಟಳು. ಅವಳ ಹೆಣ್ಣುಮಕ್ಕಳೂ ಅವಳನ್ನೇ ಅನುಸರಿಸಿದರು. ಒಟ್ಟು 363 ಮಂದಿ ಅಲ್ಲಿ ಮಡಿದರೆಂದು ಪ್ರಸಿದ್ಧಿಯಿದೆ. ಆ ಮರಗಳ ನೆರಳಿನಲ್ಲಿಯೇ ಚಿಂಕಾರಗಳು ಮೇಯತಕ್ಕವು. ಇಂದಿಗೂ ಬಿಶ್ನೋಯಿಗಳ ಹೊಲಗಳಲ್ಲಿ ಅವು ಬೆದರದೆ ತಿರುಗುವುವು. ತಾಯಿಯು ಸತ್ತು ನಿಜವಾಗಿಯೇ ತಬ್ಬಲಿಯಾದ ಮರಿಗೆ ಎದೆಹಾಲನ್ನು ಊಡಿದ ಸ್ತ್ರೀಯರೂ ಆ ಜನರಲ್ಲುಂಟು.

1981ರಲ್ಲಿ ರಾಜಸ್ಥಾನವು ಚಿಂಕಾರವನ್ನು ತನ್ನ ರಾಜ್ಯಪ್ರಾಣಿಯೆಂದು ಗೌರವಿಸಿತು. 2014ರಲ್ಲಿ ಒಂಟೆಯನ್ನೂ ಅದರ ಜತೆಗೆ ಸೇರಿಸಿತು. 2001ರ ಒಂದು ಅಂದಾಜಿನಂತೆ ಭಾರತದಲ್ಲಿ ಇದ್ದ ಚಿಂಕಾರಗಳು ಸುಮಾರು ಒಂದು ಲಕ್ಷ. ಅದರಲ್ಲಿ ಸುಮಾರು 80,000 ಥಾರ್ ಮರುಭೂಮಿಯಲ್ಲಿಯೇ. ಎಂದರೆ ಗುಜರಾತು, ಮಧ್ಯಪ್ರದೇಶ, ಮಹಾರಾಷ್ಟ್ರ, ತೆಲುಗುನಾಡು, ಕರ್ನಾಟಕಗಳಿಗೆಲ್ಲ ಸೇರಿ ಉಳಿದುದು ಸ್ವಲ್ಪವೇ.

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲಿ ಇದರ ಹೆಸರನ್ನು ಹೊತ್ತ ಎರಡು ಅಭಯಾರಣ್ಯಗಳಿವೆ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ತಾಲ್ಲೂಕುಗಳಿಗೆ ಸೇರಿದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವು 2016ರಲ್ಲಿ ಸ್ಥಾಪಿತವಾಯಿತು. ವಿಸ್ತಾರವು ಸುಮಾರು 96 ಚದರ ಕಿಲೋಮೀಟರು. ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಅದೇ ಪದವಿಯನ್ನು ಪಡೆಯಿತು. ಅದು ಸುಮಾರು 136 ಚದರ ಕಿಲೋಮೀಟರು. ಬುಕ್ಕಾಪಟ್ಟಣದಲ್ಲಿ ಚಿಂಕಾರವಿರುವುದು ಖಚಿತವಾಗಿ ತಿಳಿದದ್ದು ಮರಗಳಿಗೆ ಕಟ್ಟಿದ, ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳಿಂದ. ಈ ಮೃಗದ ಸೀಮೆಯ ದಕ್ಷಿಣದ ಅಂಚು ನಮ್ಮ ನಾಡಿನಲ್ಲಿಯೇ ಇದೆ. ಅಂಚಿನಲ್ಲಿರುವ ಜೀವಿಗಳೇ ಮೊದಲು ಅಳಿಯುವುದು ಲೋಕರೂಢಿಯಾದ್ದರಿಂದ ನಮ್ಮ ಹೊಣೆಯು ಅಷ್ಟರಮಟ್ಟಿಗೆ ಹೆಚ್ಚಿನದು.

ಮುಧೋಳವೆಂದರೆ ನಾಡಿಗೆಲ್ಲ ನೆನಪಾಗುವುದು ಅಲ್ಲಿನ ಬೇಟೆನಾಯಿ. ನೀಳವಾದ ಮೂತಿ, ಸಣ್ಣ ಸೊಂಟ, ಉದ್ದವಾದ ಕಾಲುಗಳುಳ್ಳ ಆ ನಾಯಿಯ ಮೈಕಟ್ಟನ್ನು ನೋಡಿದರೆ, ಅದು ಎಂತಹ ಬಯಲಿನಲ್ಲಿ ಎಂತಹ ಮೃಗಗಳ ಹಿಂದೆ ಓಡುವುದಕ್ಕಾಗಿ ಬೆಳೆದು ಬಂತೆಂಬುದು ಹೇಳದೆಯೇ ತಿಳಿಯುವುದು. ನಾಯಿಯ ಕೀರ್ತಿಯು ಉಳಿದಿದೆ. ಸೈನ್ಯದವರೆಗೂ ಅದು ಹೋಗಿದೆ. ಅದೇ ಸೀಮೆಯ ಓಟಗಾರನಾದ ಹುಲ್ಲೆಯ ಹೆಸರು ಮಾತ್ರ ಮಸುಕಾಗಿದೆ. ಧಾರವಾಡ ಹುಬ್ಬಳ್ಳಿಗಳ ನಡುವೆ ಓಡುವ ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರಿಟ್ಟು ಹುಲ್ಲೆಯ ವೇಗವನ್ನು ಸ್ಮರಿಸಿದ ಜಾಣರು ನಮ್ಮವರೇ ಆಗಿರುವಾಗ, ಜೀವಂತವಾದ ಚಿಗರಿಗೆ ನಿಲ್ಲಲು ನೆಲವಿರಬೇಕೆಂಬುದನ್ನು ಅವರು ಒಪ್ಪದೆ ಇರಲಾರರು.

ನೆಲದ ಮಾತೇ ಇಲ್ಲಿ ಮುಖ್ಯವಾದುದು. ಕುರುಚಲು ಗಿಡಗಳ ಬಯಲನ್ನು ನಮ್ಮ ಸರಕಾರದ ಲೆಕ್ಕಪತ್ರಗಳು ಬಹುಕಾಲದಿಂದ ಬಂಜರು, ಪಾಳು ಎಂದೇ ಬರೆಯುತ್ತ ಬಂದಿವೆ. ಕಂದಾಯ ಹುಟ್ಟದ ನೆಲಕ್ಕೆ ಆಂಗ್ಲರ ಕಾಲದಲ್ಲಿ ಅಂಟಿದ ಹೆಸರು ಅದು. ಭಾರತದ ಬಂಜರುಭೂಮಿಗಳ ನಕ್ಷೆಯೆಂದು 2019ರಲ್ಲಿ ಪ್ರಕಟವಾದ ಸರಕಾರದ ಗ್ರಂಥದಲ್ಲಿಯೂ ಕುರುಚಲು ನೆಲಕ್ಕೆ ಸ್ಥಾನವಿದೆ. ಬಂಜರೆಂದು ಕರೆದ ಮೇಲೆ ಅದನ್ನು ಉಪಯೋಗಕ್ಕೆ ತರಬೇಕೆಂಬ ಉತ್ಸಾಹವು ಸಹಜವಾಗಿಯೇ ಹುಟ್ಟುವುದು. ನೀಲಗಿರಿಯ ತೋಪು ಒಂದೆಡೆ, ಗಣಿ ಒಂದೆಡೆ, ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ತೆಗೆಯುವ ಫಲಕಗಳ ಸಾಲು ಇನ್ನೊಂದೆಡೆ. ಇವುಗಳಲ್ಲಿ ಕೆಲವು ದೇಶಕ್ಕೆ ಬೇಕಾದವೇ. ಆದರೆ ಅವನ್ನು ಇಡುವ ಮೊದಲು, ಈ ನೆಲವು ನಿಜವಾಗಿಯೂ ಬರಿದೇ ಎಂದು ಯಾರಾದರೂ ಹೋಗಿ ನೋಡಬೇಡವೆ? ಅಲ್ಲಿ ಚಿಂಕಾರವುಂಟು, ಅದನ್ನು ನಂಬಿದ ತೋಳವುಂಟು, ಕತ್ತೆಕಿರುಬವುಂಟು, ನಮ್ಮ ಕುರುಬರ ಕುರಿಗಳೂ ಅದೇ ಬಯಲಿನಲ್ಲಿ ಮೇಯುವುವು. ಹುಲ್ಲೆಯು ಇಲ್ಲವಾದಲ್ಲಿ ತೋಳವು ಕುರಿಹಟ್ಟಿಯನ್ನೇ ನೆಚ್ಚಬೇಕಾಗುವುದು. ಆಗ ಅದು ಬಡ ಕುರುಬನಿಗೂ ಹಾನಿ, ಕೊನೆಗೆ ತೋಳಕ್ಕೂ ಹಾನಿ. ಒಂದು ಎಳೆಯನ್ನು ಕಿತ್ತರೆ ಬಟ್ಟೆಯೇ ಬಿಚ್ಚಿಕೊಳ್ಳುವುದೆಂಬುದು ಇದಕ್ಕೇ.

ಚಿಂಕಾರವು ನಮ್ಮಿಂದ ಹೆಚ್ಚೇನನ್ನೂ ಬೇಡದ ಪ್ರಾಣಿ. ಅದಕ್ಕೆ ಕೆರೆ ತೋಡಿಸಬೇಕಾಗಿಲ್ಲ, ಹುಲ್ಲು ಬೆಳೆಸಬೇಕಾಗಿಲ್ಲ, ದಟ್ಟವಾದ ಅಡವಿಯನ್ನು ಬಿಟ್ಟುಕೊಡಬೇಕಾಗಿಲ್ಲ. ನಾವು ಕೆಲಸಕ್ಕೆ ಬಾರದೆಂದು ಬಗೆದ ಮುಳ್ಳುಗಂಟಿಗಳ ಬಯಲೊಂದನ್ನು ಇದ್ದಂತೆಯೇ ಇರಗೊಟ್ಟು, ನಾಯಿಗಳನ್ನು ಹತೋಟಿಯಲ್ಲಿಟ್ಟು, ಓಡುವ ದಾರಿಗೆ ಮುಳ್ಳುತಂತಿಯನ್ನು ಕಟ್ಟದಿದ್ದರೆ ಅದು ತನ್ನ ಸಂಸಾರವನ್ನು ತಾನೇ ಸಾಗಿಸಿಕೊಳ್ಳಬಲ್ಲುದು. ಇಷ್ಟು ಅಲ್ಪತೃಪ್ತವಾದ ನೆರೆಯವನಿಗೆ ನಾಡಿನಲ್ಲಿ ಎಡೆಯಿಲ್ಲವೆಂದು ಹೇಳುವುದು ಗೃಹಸ್ಥಧರ್ಮವನ್ನು ಬಲ್ಲವರಿಗೆ ಒಪ್ಪುವ ಮಾತಲ್ಲ. ಮುಂದಿನ ವಿಜಯದಶಮಿಯಂದು ಬನ್ನಿಯ ಎಲೆಯನ್ನು ಮಕ್ಕಳ ಕೈಗೆ ಕೊಡುವಾಗ, ಇದನ್ನು ಉಂಡು ಬದುಕುವ ಸಣ್ಣ ಹುಲ್ಲೆಯೊಂದು ನಮ್ಮ ಬಯಲಿನಲ್ಲಿಯೇ ಇದೆಯೆಂಬ ಮಾತನ್ನೂ ಮನೆಯ ಹಿರಿಯರು ಅವರಿಗೆ ತಿಳಿಯಹೇಳಲಿ.